ಆಕ್ಸಲಾಟಲ್‌ನ ಕಿವಿರುಗಳು ಮುಂದಕ್ಕೆ ಬಾಗಿವೆ, ಆಹಾರ ಸೇವಿಸುತ್ತಿಲ್ಲ: ಔಷಧಿ ಹಾಕಬಹುದೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಮ್ಮ ಆಕ್ಸಲಾಟಲ್ (ನೀರಿನಲ್ಲೇ ಬದುಕುವ ಒಂದು ಬಗೆಯ ಸಾಲಮಾಂಡರ್) ಕೆಲವು ದಿನಗಳಿಂದ ಎರೆಹುಳುವನ್ನು ಬಾಯಿಗೆ ತೆಗೆದುಕೊಂಡು ಮತ್ತೆ ಉಗುಳುತ್ತಿದೆ. ಕಿವಿರುಗಳ ತುದಿಗಳು ಮುಂದಕ್ಕೆ ಬಾಗಿವೆ. ಒಂದು ಕಿವಿರಿನ ಮೇಲೆ ಹತ್ತಿಯಂತಹ ಬಿಳಿ ಎಳೆಗಳೂ ಕಾಣಿಸಿಕೊಂಡಿವೆ. ಅಕ್ವೇರಿಯಂ ಹೊಸದು, ನೀರು ತಿಳಿಯಾಗಿದೆ, ಮಧ್ಯಾಹ್ನದ ಹೊತ್ತಿಗೆ ಉಷ್ಣಾಂಶ 25 ಡಿಗ್ರಿ ಸೆಲ್ಸಿಯಸ್ ತಲುಪುತ್ತದೆ. ತಳದಲ್ಲಿ ಸಣ್ಣ ಕಲ್ಲುಗಳನ್ನು ಹರಡಿದ್ದೇವೆ. ಮೀನುಗಳಿಗೆ ಬಳಸುವ ಶಿಲೀಂಧ್ರನಾಶಕವನ್ನು ನೀರಿಗೆ ಹಾಕಬಹುದೆ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1

ಔಷಧಿಯನ್ನು ಸದ್ಯಕ್ಕೆ ಹಾಕಬೇಡಿ. ಆಕ್ಸಲಾಟಲ್ ಮೀನಲ್ಲ, ಉಭಯಚರ. ನೀರಿನಲ್ಲಿ ಕರಗಿದ್ದನ್ನು ಅದರ ತೆಳುವಾದ ಚರ್ಮ ಸುಲಭವಾಗಿ ಹೀರಿಕೊಳ್ಳುವುದರಿಂದ, ಮೀನು ತಾಳಿಕೊಳ್ಳುವ ಔಷಧಿಗಳು, ಮುಖ್ಯವಾಗಿ ತಾಮ್ರ ಬೆರೆತವು, ಇದಕ್ಕೆ ವಿಷವಾಗಬಲ್ಲವು.

ಮೊದಲು ನೀರನ್ನು ಪರೀಕ್ಷಿಸಿ. ತಿಳಿಯಾಗಿ ಕಂಡ ಮಾತ್ರಕ್ಕೆ ನೀರು ಶುದ್ಧವಾಗಿದೆ ಎನ್ನಲಾಗದು, ಏಕೆಂದರೆ ಅಮೋನಿಯ ಕಣ್ಣಿಗೆ ಕಾಣುವುದಿಲ್ಲ. ಅಮೋನಿಯವನ್ನು ನೈಟ್ರೈಟ್ ಆಗಿಯೂ, ನೈಟ್ರೈಟನ್ನು ನೈಟ್ರೇಟ್ ಆಗಿಯೂ ಮಾರ್ಪಡಿಸುವ ಬ್ಯಾಕ್ಟೀರಿಯಗಳು ಫಿಲ್ಟರಿನಲ್ಲಿ ನೆಲೆಗೊಳ್ಳಲು ಹಲವು ವಾರಗಳೇ ಬೇಕು. ಹೊಸ ಅಕ್ವೇರಿಯಂನಲ್ಲಿ ಅವು ಇನ್ನೂ ಸಾಕಷ್ಟು ಬೆಳೆದಿರುವುದಿಲ್ಲ. ಅಮೋನಿಯ ಮತ್ತು ನೈಟ್ರೈಟ್ ಎರಡೂ ಸೊನ್ನೆಯಾಗಿರಬೇಕು, ನೈಟ್ರೇಟ್ ಲೀಟರಿಗೆ 20 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು. ನೀರು ಬಿಸಿಯಾದಷ್ಟೂ ಅಮೋನಿಯದ ವಿಷ ತೀವ್ರವಾಗುತ್ತದೆ, ಜೊತೆಗೆ ಕರಗಿದ ಆಮ್ಲಜನಕವೂ ಕಡಿಮೆಯಾಗುತ್ತದೆ. ಹಾಗಾಗಿ ನಿಮ್ಮ 25 ಡಿಗ್ರಿಯನ್ನು ಬೇರೆಯಾಗಿ ನೋಡುವಂತಿಲ್ಲ.

ಅಮೋನಿಯ ಕಂಡುಬಂದರೆ, ಪ್ರಾಣಿಯನ್ನು ಮುಚ್ಚಳವಿರುವ ಸ್ವಚ್ಛ ಪಾತ್ರೆಗೆ ವರ್ಗಾಯಿಸಿ, ಕ್ಲೋರಿನ್ ತೆಗೆದ, ಅದೇ ಉಷ್ಣಾಂಶದ ನೀರನ್ನು ಪ್ರತಿದಿನವೂ ಪೂರ್ತಿಯಾಗಿ ಬದಲಾಯಿಸಿ. ಅಕ್ವೇರಿಯಂ ಸಿದ್ಧವಾಗುವವರೆಗೆ ಅದು ಅಲ್ಲಿಯೇ ಕ್ಷೇಮವಾಗಿರುತ್ತದೆ.

ಉತ್ತರ 2

ಮೇಲಿನ ಮಾತಿಗೆ ನನ್ನ ಒಪ್ಪಿಗೆಯಿದೆ. ಉಷ್ಣಾಂಶದ ಬಗ್ಗೆ ಇನ್ನಷ್ಟು ಹೇಳಬೇಕು. ಈ ಪ್ರಾಣಿಯ ಮೂಲನೆಲೆ ಮೆಕ್ಸಿಕೊ ನಗರದ ಸೋಚಿಮಿಲ್ಕೊ ಕಾಲುವೆಗಳು. ಸಮುದ್ರಮಟ್ಟದಿಂದ 2,200 ಮೀಟರಿಗೂ ಎತ್ತರದ ತಂಪು ಪ್ರದೇಶವದು. ಅಲ್ಲಿ ಅದು ಅಳಿವಿನ ಅಂಚಿಗೆ ಬಂದು ನಿಂತಿರುವಾಗ, ಸಾಕುವವರು ಅದರ ಅಗತ್ಯಗಳನ್ನು ಅರಿತು ನಡೆದುಕೊಳ್ಳುವುದು ಕರ್ತವ್ಯವೆಂದೇ ನನ್ನ ಭಾವನೆ. ನೀರು 16ರಿಂದ 18 ಡಿಗ್ರಿ ಇದ್ದರೆ ಉತ್ತಮ. 24 ದಾಟಿದರೆ ಅಪಾಯ.

ನೀರಿನ ಮೇಲ್ಮೈಗೆ ಸಣ್ಣ ಫ್ಯಾನಿನಿಂದ ಗಾಳಿ ಹಾಯಿಸಿದರೆ ಆವಿಯಾಗುವಿಕೆಯಿಂದ ಎರಡು ಮೂರು ಡಿಗ್ರಿ ಇಳಿಯುತ್ತದೆ. ಆದರೆ ನೀರು ಬೇಗ ಕಡಿಮೆಯಾಗುವುದರಿಂದ ಆಗಾಗ ತುಂಬಿಸಬೇಕಾಗುತ್ತದೆ. ಮಂಜುಗಡ್ಡೆಯ ಬಾಟಲಿಗಳನ್ನು ತುರ್ತಿಗೆ ಬಳಸಬಹುದು, ಆದರೆ ಅವು ತರುವ ದಿಢೀರ್ ಏರಿಳಿತವೂ ಪ್ರಾಣಿಗೆ ಕಷ್ಟವೇ. ಸೆಖೆ ತಿಂಗಳುಗಟ್ಟಲೆ ಇರುವಲ್ಲಿ ಚಿಲ್ಲರ್ (ನೀರನ್ನು ತಂಪಾಗಿಸುವ ಯಂತ್ರ) ಇಲ್ಲದೆ ಇದನ್ನು ಸಾಕಬಾರದು ಎಂದೇ ನಾನು ಹೇಳುತ್ತೇನೆ.

ಉತ್ತರ 3

ಕಿವಿರುಗಳು ಮುಂದಕ್ಕೆ ಬಾಗುವುದಕ್ಕೆ ಫಿಲ್ಟರಿನ ರಭಸದ ಹರಿವೂ ಕಾರಣವಾಗಿರಬಹುದು. ಹೊರಬರುವ ನೀರನ್ನು ಗಾಜಿನ ಗೋಡೆಯತ್ತ ತಿರುಗಿಸಿ, ಇಲ್ಲವೆ ಸ್ಪಂಜ್ ಫಿಲ್ಟರ್ ಬಳಸಿ.

ಕಲ್ಲುಗಳನ್ನು ಇಂದೇ ತೆಗೆದುಬಿಡಿ. ಆಕ್ಸಲಾಟಲ್ ಆಹಾರವನ್ನು ಕಚ್ಚುವುದಿಲ್ಲ, ಬಾಯಿ ತೆರೆದು ನೀರಿನೊಡನೆ ಒಳಗೆ ಎಳೆದುಕೊಳ್ಳುತ್ತದೆ. ಹಾಗೆ ಒಳಸೇರಿದ ಕಲ್ಲು ಕರುಳಿನಲ್ಲಿ ಸಿಕ್ಕಿಕೊಂಡರೆ ಪ್ರಾಣಕ್ಕೇ ಸಂಚಕಾರ. ಬರಿಯ ತಳ ಅಥವಾ ಬಹಳ ನುಣುಪಾದ ಮರಳು ಸಾಕು.

ಬಿಳಿ ಎಳೆಗಳು ಸ್ವಲ್ಪವೇ ಇದ್ದರೆ, ತಂಪಾದ ಶುದ್ಧ ನೀರಿನಲ್ಲಿ ಅವು ಎಷ್ಟೋ ಸಲ ತಾವಾಗಿ ಮಾಯವಾಗುತ್ತವೆ. ಉಪ್ಪುನೀರಿನ ಸ್ನಾನವನ್ನು ಬಹಳ ಮಂದಿ ಸೂಚಿಸುತ್ತಾರೆ. ಅದು ಕಿವಿರು ಮತ್ತು ಚರ್ಮಕ್ಕೆ ಉರಿ ತರುವುದರಿಂದ, ಎಳೆಗಳು ಹರಡುತ್ತಿದ್ದರೆ ಮಾತ್ರ ಅದನ್ನು ಯೋಚಿಸಬೇಕೆಂಬುದು ನನ್ನ ಅಭಿಪ್ರಾಯ.

ಪ್ರಶ್ನೆ ಕೇಳಿದವರು

ಪರೀಕ್ಷೆಯಲ್ಲಿ ಅಮೋನಿಯ ಕಂಡುಬಂದಿತು. ಪ್ರಾಣಿಯನ್ನು ಪಾತ್ರೆಗೆ ವರ್ಗಾಯಿಸಿದ್ದೇವೆ. ಅದು ತಿನ್ನದಿದ್ದರೆ ಬಲವಂತವಾಗಿ ತಿನ್ನಿಸಬೇಕೆ?

ಉತ್ತರ 1

ಬೇಡ. ಆರೋಗ್ಯವಾಗಿರುವ ವಯಸ್ಕ ಆಕ್ಸಲಾಟಲ್‌ಗೆ ಎರಡು ಮೂರು ದಿನಗಳಿಗೊಮ್ಮೆ ಆಹಾರ ಕೊಟ್ಟರೆ ಸಾಕಾಗುತ್ತದೆ, ಒಂದು ವಾರದ ಉಪವಾಸವನ್ನೂ ಅದು ತಾಳಬಲ್ಲದು. ದಿನಕ್ಕೊಮ್ಮೆ ಎರೆಹುಳುವಿನ ಸಣ್ಣ ತುಂಡನ್ನು ಮುಂದಿಟ್ಟು, ತಿನ್ನದಿದ್ದರೆ ಕೂಡಲೇ ತೆಗೆದುಬಿಡಿ. ಹೊಟ್ಟೆ ಉಬ್ಬಿದರೆ ಅಥವಾ ಅದು ತಳಕ್ಕೆ ಇಳಿಯಲಾಗದೆ ತೇಲತೊಡಗಿದರೆ, ಉಭಯಚರಗಳನ್ನು ಬಲ್ಲ ಪಶುವೈದ್ಯರಿಗೆ ತಡಮಾಡದೆ ತೋರಿಸಿ.