ಸಹಾಯ ಬೇಕು: ಸ್ಟ್ರಿಂಗ್ ಥಿಯರಿಗೆ ಮೊದಲ ಪುಸ್ತಕ ಯಾವುದು?

ಎಲ್ಲರಿಗೂ ನಮಸ್ಕಾರ. ತುಮಕೂರಿನಲ್ಲಿ ಎಂ.ಎಸ್ಸಿ. ಫಿಸಿಕ್ಸ್ ಓದ್ತಾ ಇದ್ದೀನಿ. ಸ್ಟ್ರಿಂಗ್ ಥಿಯರಿ (ಮೂಲ ಕಣಗಳನ್ನ ಅತಿ ಚಿಕ್ಕ ತಂತಿಗಳ ಕಂಪನ ಅಂತ ನೋಡೋ ಸಿದ್ಧಾಂತ) ನಮ್ಮ ಸಿಲಬಸ್‌ನಲ್ಲಿಲ್ಲ, ಸ್ವಂತ ಆಸಕ್ತಿಗೆ ಓದಬೇಕು ಅಂತಿದ್ದೀನಿ. ಕ್ವಾಂಟಂ ಮೆಕ್ಯಾನಿಕ್ಸ್, ವಿಶೇಷ ಸಾಪೇಕ್ಷತೆ, ಲಗ್ರಾಂಜಿಯನ್ ಎಲ್ಲ ಆಗಿದೆ. ಕ್ವಾಂಟಂ ಫೀಲ್ಡ್ ಥಿಯರಿ (ಕಣಗಳನ್ನ ಕ್ಷೇತ್ರಗಳ ಕ್ವಾಂಟಂ ಕಂಪನ ಅಂತ ನೋಡೋದು) ಇನ್ನೂ ಮುಟ್ಟಿಲ್ಲ, ತೊಡಕು ಇರೋದೇ ಅಲ್ಲಿ.

ಸೀನಿಯರ್ ಒಬ್ಬರು ಪೊಲ್ಚಿನ್‌ಸ್ಕಿ ಅವರ ‘ಸ್ಟ್ರಿಂಗ್ ಥಿಯರಿ’ ಎರಡು ಸಂಪುಟ (1998) ಓದು ಅಂದ್ರು. ಮೊದಲ ಅಧ್ಯಾಯ ಹೇಗೋ ದಾಟಿದೆ. ಎರಡನೆಯದರಲ್ಲಿ ಕನ್ಫಾರ್ಮಲ್ ಫೀಲ್ಡ್ ಥಿಯರಿ (ಕೋನ ಉಳಿಸಿ ಅಳತೆ ಬದಲಿಸಿದರೂ ರೂಪ ಬದಲಾಗದ ಫೀಲ್ಡ್ ಥಿಯರಿ) ಬಂದಿದ್ದೇ ತಡ, ಪುಸ್ತಕ ಕಬ್ಬಿಣದ ಕಡಲೆ ಆಯ್ತು. ಡೇವಿಡ್ ಟಾಂಗ್ ಅವರ ನೋಟ್ಸ್ ನೆಟ್‌ನಲ್ಲಿ ಉಚಿತವಾಗಿ ಸಿಗುತ್ತೆ, ಬರವಣಿಗೆ ಸೊಗಸಾಗಿದೆ, ಆದರೆ ಅದಕ್ಕೂ ಫೀಲ್ಡ್ ಥಿಯರಿ ಗೊತ್ತಿರಬೇಕು.

ಸದ್ಯಕ್ಕೆ ಮನಸ್ಸು ವಾಲಿರೋದು ಬಾರ್ಟನ್ ಜ್ವೀಬಾಕ್ ಅವರ ‘ಎ ಫಸ್ಟ್ ಕೋರ್ಸ್ ಇನ್ ಸ್ಟ್ರಿಂಗ್ ಥಿಯರಿ’ ಕಡೆಗೆ. ಡಿಗ್ರಿ ವಿದ್ಯಾರ್ಥಿಗಳಿಗೇ ಅಂತ ಬರೆದದ್ದು. ಬಿಗಿದು ಕಟ್ಟಿದ ಮಾಮೂಲಿ ತಂತಿಯ ಕಂಪನ, ಆಮೇಲೆ ಸಾಪೇಕ್ಷ ಕಣ, ಅದರ ಮೇಲೆ ನಂಬು-ಗೋಟೊ ಆಕ್ಷನ್ (ತಂತಿಯ ಚಲನೆಯ ಸಮೀಕರಣಗಳು ಹುಟ್ಟೋ ಮೂಲ ಸೂತ್ರ). ಕಣಕ್ಕೆ ಪಥದ ಉದ್ದ ಹೇಗೋ, ತಂತಿಗೆ ಅದು ಗುಡಿಸುವ ಹಾಳೆಯ ವಿಸ್ತೀರ್ಣ ಹಾಗೆ ಅನ್ನೋದು ಅಲ್ಲೇ ತಲೆಗೆ ಹೋಯ್ತು. ಬೋಸಾನಿಕ್ ತಂತಿಗೆ (ಬೋಸಾನ್ ಕಣಗಳನ್ನ ಮಾತ್ರ ಕೊಡೋ ಸರಳ ಮಾದರಿ) 26 ಆಯಾಮ ಯಾಕೆ ಬೇಕು ಅನ್ನೋದನ್ನೂ ಲೆಕ್ಕ ಸುಲಭ ಮಾಡೋ ನಿರ್ದೇಶಾಂಕ ಆಯ್ಕೆಯಾದ ಲೈಟ್-ಕೋನ್ ಗೇಜ್‌ನಲ್ಲೇ ತೋರಿಸ್ತಾರೆ.

ಓದಿದವರು ಹೇಳಿ: 2004ರ ಮೊದಲ ಆವೃತ್ತಿ ಸೆಕೆಂಡ್ ಹ್ಯಾಂಡ್ ಸಿಕ್ಕರೆ ಸಾಕಾ, 2009ರ ಎರಡನೇ ಆವೃತ್ತಿಯೇ ಬೇಕಾ? ಹೊಸದಕ್ಕೆ ಕೈ ಕಚ್ಚುತ್ತೆ. ಫೀಲ್ಡ್ ಥಿಯರಿಯನ್ನ ಜೊತೆಜೊತೆಗೆ ಓದಬಹುದಾ, ಮೊದಲು ಮುಗಿಸಲೇಬೇಕಾ? ಗಣಿತ ಬಿಟ್ಟು ಬರೆದ ಜನಪ್ರಿಯ ಪುಸ್ತಕಗಳು ಬೇಡ, ಲೆಕ್ಕ ಮಾಡಿಸೋವೇ ಹೇಳಿ. ತುಮಕೂರು ಕಡೆ ಯಾರ ಹತ್ರನಾದ್ರೂ ಇದ್ರೆ ಸ್ವಲ್ಪ ದಿನಕ್ಕೆ ಕೊಟ್ಟರೂ ಆಯ್ತು.