ಮೂರನೇ ಭಾಷೆ ಹಿಂದಿಯೇ ಆಗಬೇಕಾ? ಬಾಗೇಪಲ್ಲಿ ಕಡೆ ಮಕ್ಕಳಿಗೆ ನಿಜವಾಗಿ ಎಷ್ಟು ಆಯ್ಕೆ ಇದೆ?

ಗಡಿ_ಊರು:
ಸ್ಟೇಟ್ ಸಿಲಬಸ್, ಇಂಗ್ಲಿಷ್ ಮೀಡಿಯಂ, ಮಗು ಜೂನ್‌ಗೆ 6ನೇ ತರಗತಿ. ಬಾಗೇಪಲ್ಲಿ ತಾಲೂಕು, ಮನೇಲೂ ಬೀದೀಲೂ ತೆಲುಗು. ಶಾಲೆಯಲ್ಲಿ ಇಂಗ್ಲಿಷ್ ಫಸ್ಟ್, ಕನ್ನಡ ಸೆಕೆಂಡ್, ಹಿಂದಿ ಥರ್ಡ್, ಬೇರೆ ಇಲ್ಲ ಅಂತಾರೆ. ಹಿಂದಿ ಬದಲು ತೆಲುಗು ಅಥವಾ ಸಂಸ್ಕೃತ ಕೇಳಬಹುದಾ? 2014ರಲ್ಲಿ ಸುಪ್ರೀಂ ಕೋರ್ಟ್ ‘ಭಾಷೆ ಪೋಷಕರ ಇಷ್ಟ’ ಅಂದಿದೆಯಂತಲ್ಲ, ಹಾಗಿದ್ದರೆ ಕನ್ನಡ ಕಡ್ಡಾಯ ಹೇಗಾಗುತ್ತೆ? ಕನ್ನಡ ಬೇಡ ಅಂತಲ್ಲ, ನಿಯಮ ತಿಳಿಯೋಕೆ ಕೇಳ್ತಿದೀನಿ.

ಸೀಮೆಸುಣ್ಣ:
ಮೊದಲು ಕೋರ್ಟಿನ ಮಾತು. 2014ರ ಮೇ ತಿಂಗಳ ತೀರ್ಪು ಬಂದದ್ದು ಮಾಧ್ಯಮದ ಬಗ್ಗೆ: ಗಣಿತ, ವಿಜ್ಞಾನವನ್ನು ಯಾವ ಭಾಷೆಯಲ್ಲಿ ಕಲಿಸಬೇಕು ಅನ್ನೋದು. ಕನ್ನಡವನ್ನು ಒಂದು ವಿಷಯವಾಗಿ ಓದೋದು ಬೇರೆ. ಅದಕ್ಕೆ 2015ರ ಕನ್ನಡ ಭಾಷಾ ಕಲಿಕಾ ಅಧಿನಿಯಮ ಇದೆ. 2017-18ರಿಂದ 1ನೇ ತರಗತಿಯಿಂದ ಹಂತಹಂತವಾಗಿ, ಸಿಬಿಎಸ್‌ಇ, ಐಸಿಎಸ್‌ಇ ಶಾಲೆಗಳೂ ಸೇರಿ, ಕನ್ನಡ ಪ್ರಥಮ ಇಲ್ಲವೇ ದ್ವಿತೀಯ ಭಾಷೆಯಾಗಿ ಇರಲೇಬೇಕು.

ಹಿಂದಿಗೆ ಅಂಥ ಕಡ್ಡಾಯ ಇಲ್ಲ. ಎಸ್ಸೆಸ್ಸೆಲ್ಸಿ ತೃತೀಯ ಭಾಷೆಯ ಪಟ್ಟಿಯಲ್ಲಿ ಹಿಂದಿಯ ಜೊತೆ ಸಂಸ್ಕೃತ, ಉರ್ದು, ಅರೇಬಿಕ್, ಕೊಂಕಣಿ, ತುಳು ಎಲ್ಲ ಇವೆ. ಆದರೆ ತೆಲುಗು ಆ ಪಟ್ಟಿಯಲ್ಲಿಲ್ಲ! ತೆಲುಗು, ತಮಿಳು, ಮರಾಠಿ ಇರೋದು ಪ್ರಥಮ ಭಾಷೆಯ ಪಟ್ಟಿಯಲ್ಲಿ. ಬಾಗೇಪಲ್ಲಿ, ಪಾವಗಡ, ಶ್ರೀನಿವಾಸಪುರದ ಮಗು ತೆಲುಗು ಓದಬೇಕೆಂದರೆ 125 ಅಂಕದ ಪ್ರಥಮ ಭಾಷೆಯಾಗೇ ಓದಬೇಕು. ಕನ್ನಡ ದ್ವಿತೀಯಕ್ಕೆ ಬರುತ್ತೆ, ಇಂಗ್ಲಿಷ್ ತೃತೀಯಕ್ಕೆ ಇಳಿಯುತ್ತೆ. ಅದಕ್ಕೆ ಎಷ್ಟು ಪೋಷಕರು ಒಪ್ಪುತ್ತಾರೆ, ನೀವೇ ಲೆಕ್ಕ ಹಾಕಿ.

ಇನ್ನೊಂದು, ಇಂಗ್ಲಿಷ್ ಮೀಡಿಯಂ ಆದ ಮಾತ್ರಕ್ಕೆ ಇಂಗ್ಲಿಷೇ ಪ್ರಥಮ ಭಾಷೆ ಆಗಬೇಕಿಲ್ಲ. ಕನ್ನಡ ಪ್ರಥಮ, ಇಂಗ್ಲಿಷ್ ದ್ವಿತೀಯ ಮಾಡಿಕೊಂಡ ಶಾಲೆಗಳೂ ಇವೆ. ಆದರೆ ಪ್ರಥಮ ಭಾಷೆಯ ಪುಸ್ತಕ ‘ಸಿರಿ ಕನ್ನಡ’ಕ್ಕೂ ದ್ವಿತೀಯ ಭಾಷೆಯ ‘ತಿಳಿ ಕನ್ನಡ’ಕ್ಕೂ ಮಟ್ಟದಲ್ಲಿ ಬಹಳ ಅಂತರ. ಪ್ರಥಮ ಭಾಷೆಯಲ್ಲಿ ಹಳಗನ್ನಡ, ಛಂದಸ್ಸು, ಗಣ ವಿಭಾಗ ಎಲ್ಲ ಬರುತ್ತೆ. ಮನೆಯಲ್ಲಿ ಕನ್ನಡ ಕೇಳದ ಮಗುವನ್ನು 8ನೇ ತರಗತಿಯಲ್ಲಿ ಏಕಾಏಕಿ ಅಲ್ಲಿಗೆ ತಳ್ಳಬೇಡಿ.

ಟೈಮ್‌ಟೇಬಲ್_ತಲೆನೋವು:
ನಿಯಮದಲ್ಲಿ ಆಯ್ಕೆ ಇದೆ, ಸರಿ. ಅದು ನಿಂತುಹೋಗೋದು ವೇಳಾಪಟ್ಟಿಯಲ್ಲಿ.

ಮೂರನೇ ಭಾಷೆಗೆ ವಾರಕ್ಕೆ 4 ಪೀರಿಯಡ್ ಅಂತ ಇಟ್ಟುಕೊಳ್ಳಿ. 6ರಿಂದ 10ರವರೆಗೆ ಒಂದೊಂದೇ ಸೆಕ್ಷನ್ ಇದ್ದರೂ 20 ಪೀರಿಯಡ್, ಒಬ್ಬ ಹಿಂದಿ ಮೇಷ್ಟ್ರಿಗೆ ಹೆಚ್ಚುಕಡಿಮೆ ಪೂರ್ತಿ ಕೆಲಸ. ಸಂಸ್ಕೃತ ಸೇರಿಸಿದರೆ ಅದೇ 20 ಪೀರಿಯಡ್ ಅದೇ ಹೊತ್ತಿಗೆ ಇನ್ನೊಂದು ಕೋಣೆಯಲ್ಲಿ ನಡೆಯಬೇಕು. ಏಳೇ ಮಕ್ಕಳಿದ್ದರೂ ಮೇಷ್ಟ್ರು ಬೇಕು, ಕೋಣೆ ಬೇಕು, ಸಂಬಳ ಬೇಕು. ಸಣ್ಣ ಶಾಲೆಗಳು ಇದಕ್ಕೆ ಎರಡು ಅಡ್ಡದಾರಿ ಹಿಡಿಯುತ್ತವೆ, ಎರಡೂ ಕೆಡುತ್ತವೆ.

ಒಂದು, ಎರಡು ಶಾಲೆಗೆ ಓಡಾಡುವ ಅರೆಕಾಲಿಕ ಮೇಷ್ಟ್ರು. ಸೋಮವಾರ ಎರಡು, ಗುರುವಾರ ಎರಡು ಪೀರಿಯಡ್ ಬೆನ್ನಿಗೆ ಬೆನ್ನು. ಅವರಿಗೋಸ್ಕರ ಹಿಂದಿಯೂ ಆ ಎರಡು ದಿನಕ್ಕೇ ಸಿಕ್ಕಿಹಾಕಿಕೊಳ್ಳುತ್ತೆ. ಗುರುವಾರ ಕಲಿತ ವಿಭಕ್ತಿ ಸೋಮವಾರಕ್ಕೆ ಮಾಯ. ಇನ್ನೊಂದು, 6 ಮತ್ತು 7ನ್ನು ಒಟ್ಟಿಗೆ ಕೂರಿಸೋದು. ಒಂದು ಬೆಂಚು ದೇವನಾಗರಿಯಲ್ಲಿ ಅ, ಆ ತಿದ್ದುತ್ತಿರುತ್ತೆ, ಪಕ್ಕದ ಬೆಂಚು ರಾಮಃ ರಾಮೌ ರಾಮಾಃ ಒಪ್ಪಿಸುತ್ತಿರುತ್ತೆ.

ಕೇಳೋದಾದರೆ ಒಬ್ಬರೇ ಹೋಗಬೇಡಿ. ಅದೇ ತರಗತಿಯ ಹತ್ತು ಹದಿನೈದು ಪೋಷಕರು ಸಹಿ ಹಾಕಿ, ಈ ಶೈಕ್ಷಣಿಕ ವರ್ಷ ಮುಗಿಯೋ ಮೊದಲೇ ಬರಹದಲ್ಲಿ ಕೊಡಿ. ಪಠ್ಯಪುಸ್ತಕದ ಇಂಡೆಂಟ್ (ಬೇಡಿಕೆ ಪಟ್ಟಿ) ಹಿಂದಿನ ವರ್ಷವೇ ಹೋಗಿರುತ್ತೆ. ಜೂನ್‌ನಲ್ಲಿ ಬದಲಾಯಿಸಿದರೆ ಪುಸ್ತಕ ಇಲ್ಲದೆ ಮೊದಲ ಕಿರುಪರೀಕ್ಷೆ ಬರೆಯಬೇಕಾಗುತ್ತೆ. ‘ಈ ಭಾಷೆ 10ರವರೆಗೂ ಇರುತ್ತಾ?’ ಅನ್ನೋದಕ್ಕೆ ಉತ್ತರವನ್ನೂ ಬರಹದಲ್ಲೇ ತಗೊಳ್ಳಿ. 8ರಲ್ಲಿ ಸಂಸ್ಕೃತ ನಿಲ್ಲಿಸಿದರೆ ಮಗು ಎರಡು ವರ್ಷ ಹಿಂದುಳಿದು ಹಿಂದಿ ಶುರು ಮಾಡಬೇಕು.

ಕೋಲಾರ_ಖಾರ:
ಎಲ್ಲರೂ ‘ಯಾವ ಮೂರನೇ ಭಾಷೆ’ ಅಂತ ಕೇಳ್ತಿದೀರಿ. ಮೂರನೆಯದು ಯಾಕೆ ಬೇಕು ಅಂತ ಯಾರೂ ಕೇಳ್ತಿಲ್ಲ. ಪ್ರೊ. ಸುಖದೇವ್ ಥೋರಟ್ ಅವರ ರಾಜ್ಯ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟ್‌ನಲ್ಲಿ ರಾಜ್ಯ ಸರ್ಕಾರಕ್ಕೆ ಕೊಟ್ಟ ವರದಿಯಲ್ಲಿ ದ್ವಿಭಾಷಾ ಸೂತ್ರವನ್ನೇ ಶಿಫಾರಸು ಮಾಡಿದೆ. ಶಿಫಾರಸು ಅಷ್ಟೇ, ಅದನ್ನು ಹಿಡಿದುಕೊಂಡು ಶಾಲೆಗೆ ಹೋಗಿ ಜಗಳ ಆಡಬೇಡಿ.

ಈಗಲೇ ಇರೋ ದಾರಿ, ಶಾಲೆಯಲ್ಲೇ ವೃತ್ತಿ ಕೌಶಲ ಕಲಿಸೋ ಎನ್‌ಎಸ್‌ಕ್ಯೂಎಫ್. ಕೆಲವು ಪ್ರೌಢಶಾಲೆಗಳಲ್ಲಿ 9ರಿಂದ ತೃತೀಯ ಭಾಷೆಯ ಬದಲು ಐಟಿ, ಆಟೊಮೊಬೈಲ್, ರೀಟೇಲ್, ಬ್ಯೂಟಿ ಅಂಡ್ ವೆಲ್‌ನೆಸ್ ಥರದ ವಿಷಯ ತಗೋಬಹುದು. ಮಂಜೂರಾದ ಶಾಲೆಯಲ್ಲಿ ಮಾತ್ರ. ಅಲ್ಲಿಗೆ ಸೇರಿಸೋ ಯೋಚನೆ ಇದ್ದರೆ 8ರಲ್ಲೇ ವಿಚಾರಿಸಿ.

ಮಾರ್ಕ್ಸ್‌ಗೋಸ್ಕರ ಸಂಸ್ಕೃತ ಅನ್ನೋರಿಗೆ ಒಂದು ಮಾತು. ಅಲ್ಲಿ ಅಂಕ ಬರೋದು ನಿಜ. ಬಹಳಷ್ಟು ಪ್ರಶ್ನೆಗೆ ಕನ್ನಡದಲ್ಲೋ ಇಂಗ್ಲಿಷಲ್ಲೋ ಉತ್ತರ ಬರೀಬಹುದು. ಅದನ್ನ ಭಾಷೆ ಕಲಿತದ್ದು ಅಂತ ಮಾತ್ರ ಕರೀಬೇಡಿ.

ಸೀಮೆಸುಣ್ಣ:
ಕೊನೇ ಮಾತು ಸ್ವಲ್ಪ ಒರಟಾಯ್ತು ಸಾರ್, ಆದರೆ ಸುಳ್ಳಲ್ಲ.

ಗಡಿ_ಊರು ಅವರೇ, ನಿಮ್ಮ ಮಗುವಿಗೆ ಹಿಂದಿಗಿಂತ ಮೊದಲು ನೋಡಬೇಕಾದ್ದು ಕನ್ನಡ. ಕಡ್ಡಾಯ ಮಾಡಿದ್ದು ಸರಿಯೇ, ಆದರೆ ತೆಲುಗು ಮನೆಯ ಮಗುವಿಗೆ ಬೆಂಗಳೂರಿನ ಮಗುವಿಗೆ ಕಲಿಸಿದ ಹಾಗೇ ಕಲಿಸಿದರೆ ತಪ್ಪುಗಳು ಹಾಗೇ ಉಳೀತವೆ. ಉದಾಹರಣೆಗೆ ‘ಅಕ್ಕ ಬಂತು’. ತೆಲುಗಿನಲ್ಲಿ ಬಸ್ಸೂ ‘ವಚ್ಚಿಂದಿ’, ಅಕ್ಕನೂ ‘ವಚ್ಚಿಂದಿ’. ಏಕವಚನದಲ್ಲಿ ಹೆಣ್ಣಿಗೂ ವಸ್ತುವಿಗೂ ಕ್ರಿಯಾಪದ ಒಂದೇ. ಕನ್ನಡದಲ್ಲಿ ಬಸ್ಸು ಬಂತು, ಅಕ್ಕ ಬಂದಳು. ಇದು ಅಜಾಗರೂಕತೆ ಅಲ್ಲ, ಮನೆಮಾತಿನ ವ್ಯಾಕರಣ. ಕೆಂಪು ಇಂಕಿನಲ್ಲಿ ಗೀಚಿದರೆ ಹೋಗಲ್ಲ. ನೋಟ್‌ಬುಕ್ಕಿನಲ್ಲಿ ಅವನು, ಅವಳು, ಅದು ಅಂತ ಮೂರು ಕಾಲಂ ಹಾಕಿ, ಹತ್ತು ಕ್ರಿಯಾಪದ ತಗೊಂಡು ದಿನಕ್ಕೆ ಐದು ವಾಕ್ಯ ಬಾಯಲ್ಲಿ ಹೇಳಿಸಿ, ಆಮೇಲೆ ಬರೆಸಿ.

ತೆಲುಗಿನಿಂದ ಲಾಭವೂ ಇದೆ. ಪಾಲು ಹಾಲು, ಪುಲಿ ಹುಲಿ, ಪಂದಿ ಹಂದಿ, ಪೇರು ಹೆಸರು. ವೇರು ಬೇರು, ವಿಲ್ಲು ಬಿಲ್ಲು. ಪ ಹ ಆಗುತ್ತೆ, ವ ಬ ಆಗುತ್ತೆ ಅಂತ ಒಮ್ಮೆ ಹಿಡಿದುಕೊಟ್ಟರೆ ಮಗು ತಾನೇ ಜೋಡಿ ಹುಡುಕುತ್ತೆ. ತೆಲುಗು ಓದೋಕೆ ಬಂದರೆ ಲಿಪಿಯೂ ಅರ್ಧ ಬಂದ ಹಾಗೆ. ತಲೆಕಟ್ಟು ಮಾತ್ರ ಬೇರೆ, ಅಲ್ಲಿ ಟಿಕ್ ಹಾಕಿದ ಹಾಗೆ ಇರುತ್ತೆ.

ಗಡಿ_ಊರು:
‘ಅಕ್ಕ ಬಂತು’ ನಮ್ಮನೆಯಲ್ಲಿ ದಿನಾ ಕೇಳೋದೇ! ಸರಿ, ತೆಲುಗು ಆಸೆ ಬಿಟ್ಟೆ. ಸಂಸ್ಕೃತಕ್ಕೆ ಸಹಿ ಸಿಗದಿದ್ದರೆ ಹಿಂದಿಯೇ. 10ನೇ ತರಗತಿಯಲ್ಲಿ ಇನ್ನೇನು ಗಮನಿಸಬೇಕು?

ಟೈಮ್‌ಟೇಬಲ್_ತಲೆನೋವು:
ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ನೋಂದಣಿ ಆದ ಮೇಲೆ ಶಾಲೆ ತೋರಿಸೋ ಕರಡು ಪಟ್ಟಿಯಲ್ಲಿ ಭಾಷೆಯ ಕೋಡ್ ನೋಡಿ ಸಹಿ ಹಾಕಿ. ಕನ್ನಡ ಪ್ರಥಮ 01, ಇಂಗ್ಲಿಷ್ ಪ್ರಥಮ 14, ಇಂಗ್ಲಿಷ್ ದ್ವಿತೀಯ 31, ಕನ್ನಡ ದ್ವಿತೀಯ 33, ಹಿಂದಿ ತೃತೀಯ 61. ನಿಮ್ಮ ಮಗುವಿಗೆ 14, 33, 61 ಇರಬೇಕು. ಎಲ್ಲರೂ ಹೆಸರಿನ ಸ್ಪೆಲಿಂಗ್, ಹುಟ್ಟಿದ ದಿನಾಂಕ ಮಾತ್ರ ನೋಡಿ ಸಹಿ ಹಾಕುತ್ತಾರೆ. 33ರ ಜಾಗದಲ್ಲಿ 01 ಬಿದ್ದಿದ್ದರೆ, ದ್ವಿತೀಯ ಭಾಷೆ ಓದಿದ ಮಗುವಿನ ಮುಂದೆ ಪರೀಕ್ಷೆ ದಿನ ಪ್ರಥಮ ಭಾಷೆಯ ಪ್ರಶ್ನೆಪತ್ರಿಕೆ ಬರುತ್ತೆ.