ಬ್ರೌಸರ್‌ಗೆ ಸ್ಕ್ಯಾನರ್ ಸಿಗುತ್ತಿಲ್ಲ, ಹೊಸದು ಕೊಳ್ಳಬೇಕಾ?

ಪ್ರಶ್ನೆ: ನಮಸ್ಕಾರ ಸರ್. ದಾವಣಗೆರೆಯಲ್ಲಿ ವಕೀಲರೊಬ್ಬರ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಕೇಸ್ ಫೈಲುಗಳನ್ನೆಲ್ಲ ಈಗ ಕ್ಲೌಡ್ ಸಾಫ್ಟ್‌ವೇರ್‌ಗೆ ಹಾಕುತ್ತಿದ್ದೇವೆ. ಅದರಲ್ಲಿರುವ ಸ್ಕ್ಯಾನ್ ಬಟನ್ ಒತ್ತಿದರೆ 'ಸ್ಕ್ಯಾನರ್ ಸಿಗುತ್ತಿಲ್ಲ' ಅಂತ ಬರುತ್ತದೆ. ಅದೇ ಯುಎಸ್‌ಬಿ ಸ್ಕ್ಯಾನರ್ ಬೇರೆ ಪ್ರೋಗ್ರಾಮಿನಲ್ಲಿ ಚೆನ್ನಾಗಿ ಓಡುತ್ತದೆ. ಹೊಸದು ಕೊಳ್ಳಬೇಕಾ? ಒಂದೊಂದೇ ಅಪ್‌ಲೋಡ್ ಮಾಡಿ ಸಾಕಾಗಿದೆ.

ಉತ್ತರ: ಬೇಡ ಮೇಡಂ, ದುಡ್ಡು ಖರ್ಚು ಮಾಡಬೇಡಿ. ಸ್ಕ್ಯಾನರ್ ಸರಿಯಾಗಿಯೇ ಇದೆ. ವಿಂಡೋಸ್‌ನಲ್ಲಿ ಸ್ಕ್ಯಾನರ್ ಸಾಮಾನ್ಯವಾಗಿ ಮಾತಾಡುವುದು ಟ್ವೈನ್ (TWAIN) ಅಥವಾ ವಿಯಾ (WIA) ಎಂಬ ಡ್ರೈವರ್ ಮೂಲಕ. ಡ್ರೈವರ್ ಅಂದರೆ ಕಂಪ್ಯೂಟರಿಗೂ ಸ್ಕ್ಯಾನರಿಗೂ ನಡುವಿನ ದುಭಾಷಿ. ಬ್ರೌಸರ್‌ನ ಪುಟ ಆ ಡ್ರೈವರ್ ತನಕ ಹೋಗುವುದಿಲ್ಲ. ಅದಕ್ಕೇ ಇಂಥ ಕಂಪನಿಗಳು ಕಂಪ್ಯೂಟರಿನಲ್ಲಿ ಹಾಕಿಕೊಳ್ಳಲು ಒಂದು ಚಿಕ್ಕ ಪ್ರೋಗ್ರಾಂ ಕೊಡುತ್ತವೆ. ಅದು ಇದೆಯಾ, ಇದ್ದರೆ ಚಾಲೂ ಆಗಿದೆಯಾ ನೋಡಿ. ಆದರೂ ಸಿಗದಿದ್ದರೆ ಡ್ರೈವರ್ ನೋಡಿ. ಹಳೆಯ ಟ್ವೈನ್ ಡ್ರೈವರ್ 32 ಬಿಟ್‌ನದ್ದಾಗಿದ್ದರೆ 64 ಬಿಟ್ ಪ್ರೋಗ್ರಾಮಿಗೆ ಅದು ಕಾಣುವುದಿಲ್ಲ. ಆಗ ವಿಯಾ ಆರಿಸಿ.

ನಾನಾಗಿದ್ದರೆ ಆ ಬಟನ್ನನ್ನೇ ಬಿಡುತ್ತಿದ್ದೆ. ಸ್ಕ್ಯಾನರ್ ಒಂದು ಫೋಲ್ಡರ್‌ಗೆ ಹಾಕಲಿ, ಫೋಲ್ಡರ್ ಕ್ಲೌಡ್‌ಗೆ ಸಿಂಕ್ ಆಗಲಿ, ಅಂದರೆ ಅದರಲ್ಲಿ ಬಿದ್ದದ್ದು ತಾನೇ ಮೇಲೆ ಹೋಗಲಿ. ನ್ಯಾಪ್ಸ್2 (NAPS2) ಅಂತ ಉಚಿತ ಸ್ಕ್ಯಾನಿಂಗ್ ಪ್ರೋಗ್ರಾಂ ಇದೆ. ಒಮ್ಮೆ ಪ್ರೊಫೈಲ್ (ಸ್ಕ್ಯಾನ್ ಹೇಗೆ, ಎಲ್ಲಿಗೆ ಎಂಬ ಸೆಟ್ಟಿಂಗ್) ಮಾಡಿಟ್ಟರೆ ಸ್ಕ್ಯಾನ್ ಆದದ್ದು ಪಿಡಿಎಫ್ ಆಗಿ ನೀವು ಹೇಳಿದ ಫೋಲ್ಡರ್‌ನಲ್ಲಿ ತಾನೇ ಸೇವ್ ಆಗುತ್ತದೆ. ನಿಮ್ಮ ಸಾಫ್ಟ್‌ವೇರ್‌ನ ಸಿಂಕ್ ಆ್ಯಪ್‌ಗೆ ಅದೇ ಫೋಲ್ಡರ್ ತೋರಿಸಿ. ನೆಟ್ ಹೋದರೂ ಕೆಲಸ ನಿಲ್ಲುವುದಿಲ್ಲ, ಬಂದಾಗ ಮೇಲೆ ಹೋಗುತ್ತದೆ.

ಸ್ಕ್ಯಾನ್ ಎಷ್ಟು ಸ್ಪಷ್ಟ ಅಂತ ಹೇಳುವ ಡಿಪಿಐ (ಇಂಚಿಗೆ ಎಷ್ಟು ಚುಕ್ಕೆ) 300 ಸಾಕು. ಜಾಸ್ತಿ ಇಟ್ಟರೆ ಸುಮ್ನೆ ಭಾರ. ಕುಗ್ಗಿಸದ ಒಂದು ಎ4 ಪುಟ ಬಣ್ಣದಲ್ಲಿ ಸುಮಾರು 26 ಎಂಬಿ, ಗ್ರೇನಲ್ಲಿ ಅದರ ಮೂರನೇ ಒಂದು ಪಾಲು. ಸೀಲು, ಛಾಪಾ ಕಾಗದ ಇದ್ದರೆ ಬಣ್ಣ, ಉಳಿದದ್ದಕ್ಕೆ ಗ್ರೇ. ಲೀಗಲ್ ಸೈಜಿನ ಕಾಗದ 14 ಇಂಚು ಉದ್ದ, ಎ4 ಗಾಜಿನ ಮೇಲೆ ಹಿಡಿಸುವುದಿಲ್ಲ. ಕಾಗದ ತಾನೇ ಎಳೆದುಕೊಳ್ಳುವ ಫೀಡರ್ ಇದ್ದರೆ ಅದರಲ್ಲಿ ಹಾಕಿ.

ಪ್ರಶ್ನೆ: ಕನ್ನಡದ ಕ್ರಯಪತ್ರಗಳನ್ನು ಹುಡುಕಿದರೆ ಸಿಗುತ್ತವಾ ಸರ್?

ಉತ್ತರ: ಪ್ರಿಂಟ್ ಆದದ್ದು ಬಹುಮಟ್ಟಿಗೆ ಸಿಗುತ್ತದೆ. ನ್ಯಾಪ್ಸ್2ನ ಓಸಿಆರ್‌ನಲ್ಲಿ (ಚಿತ್ರದಲ್ಲಿನ ಅಕ್ಷರ ಓದಿ ಹುಡುಕುವಂತೆ ಮಾಡುವ ಸೌಲಭ್ಯ) ಕನ್ನಡ ಭಾಷೆ ಡೌನ್‌ಲೋಡ್ ಮಾಡಿಕೊಳ್ಳಿ. ಮಸುಕಾದ ಹಳೆಯ ಟೈಪಿನಲ್ಲಿ ಒತ್ತಕ್ಷರ ತಪ್ಪುತ್ತವೆ. ಕೈಬರಹವನ್ನಂತೂ ನಂಬಬೇಡಿ. ಅದಕ್ಕೇ ಫೈಲ್ ಹೆಸರಿನಲ್ಲೇ ಕೇಸ್ ನಂಬರ್ ಹಾಕಿ. ಆದರೆ 112/2023 ಅಂತ ಬರೆದರೆ ವಿಂಡೋಸ್ ಒಪ್ಪುವುದಿಲ್ಲ, ಓರೆಗೆರೆ ಬದಲು ಅಡ್ಡಗೆರೆ ಬಳಸಿ: ಓಎಸ್-112-2023-ಕ್ರಯಪತ್ರ (ಇಲ್ಲಿ ಓಎಸ್ ಅಂದರೆ ಅಸಲು ದಾವೆ).

ಪ್ರಶ್ನೆ: ಕ್ಲೌಡ್‌ಗೆ ಹೋದ ಮೇಲೆ ಫೋಲ್ಡರ್ ಖಾಲಿ ಮಾಡಬಹುದಲ್ವಾ?

ಉತ್ತರ: ದಯವಿಟ್ಟು ಮಾಡಬೇಡಿ! ಸಿಂಕ್ ಅಂದರೆ ಎರಡೂ ಕಡೆ ಒಂದೇ. ಇಲ್ಲಿ ಅಳಿಸಿದರೆ ಅಲ್ಲೂ ಹೋಗುತ್ತದೆ. ಗೂಗಲ್ ಡ್ರೈವ್‌ನಲ್ಲಾದರೆ ಕಸದ ಬುಟ್ಟಿಯಲ್ಲಿ 30 ದಿನ ಇರುತ್ತದೆ, ಆಮೇಲೆ ಇಲ್ಲ. ನಾನು ನೋಡಿಕೊಳ್ಳುವ ಒಂದು ಆಫೀಸಿನಲ್ಲಿ ಹುಡುಗನೊಬ್ಬ ಜಾಗ ಆಗಲಿ ಅಂತ ಹೀಗೆಯೇ ಅಳಿಸಿದ. ಗೊತ್ತಾಗಿದ್ದು ಎರಡು ತಿಂಗಳ ಮೇಲೆ. ಮೂಲ ಕಾಗದ ಕಕ್ಷಿದಾರರಿಗೆ ವಾಪಸ್ ಹೋಗಿತ್ತು. ಮನೆ ಮನೆಗೆ ಹೋಗಿ ಮತ್ತೆ ಕೇಳಬೇಕಾಯಿತು. ನೀವು ಪ್ರತಿ ಶನಿವಾರ ಒಂದು ಪ್ರತಿಯನ್ನು ಬೇರೆ ಹಾರ್ಡ್‌ಡಿಸ್ಕ್‌ಗೆ ಹಾಕಿ, ಆಮೇಲೆ ಅದರ ಕೇಬಲ್ ಕಿತ್ತು ಬೀರುವಿನಲ್ಲಿಡಿ.